ನಾಟಕಕ್ಕೆ ಅಂತ ಕೇಳಿ ತಂದ ಕುರ್ಚಿ

ಕಾಲೇಜಿನ ನಾಟಕ ತಂಡದಲ್ಲಿ ನನಗೆ ಪಾತ್ರ ಸಿಗಲಿಲ್ಲ. ಧ್ವನಿ ಸಣ್ಣದು, ವೇದಿಕೆ ಮೇಲೆ ನಿಂತರೆ ಕೈ ಎಲ್ಲಿಡಬೇಕು ಅಂತ ಗೊತ್ತಾಗುತ್ತಿರಲಿಲ್ಲ. 'ನೀನು ಕೋಆರ್ಡಿನೇಟರ್ ಆಗು ಮಗಾ' ಅಂದರು. ಏನೋ ದೊಡ್ಡ ಹುದ್ದೆ ಅಂದುಕೊಂಡು ಒಪ್ಪಿಕೊಂಡೆ. ಒಂದು ವಾರದಲ್ಲೇ ಗೊತ್ತಾಯಿತು, ಅದು ಊರೆಲ್ಲ ಕಡ ಕೇಳಿಕೊಂಡು ತಿರುಗುವ ಕೆಲಸ. ದುಡ್ಡಲ್ಲ, ಸಾಮಾನು.

ಊರು ಮೈಸೂರು. ಮುಕ್ಕಾಲು ಗಂಟೆಯ ನಾಟಕ, 7 ಜನ ನಟರು, ಕಾಲೇಜು ಕೊಟ್ಟದ್ದು 5,000 ರೂಪಾಯಿ. ಕಲಾಮಂದಿರದ ಕಿರುರಂಗಮಂದಿರದಲ್ಲಿ ಮಾಡಬೇಕು ಅಂತ ಎಲ್ಲರಿಗೂ ಆಸೆ. ಬಾಡಿಗೆ ವಿಚಾರಿಸಿಕೊಂಡು ಬಂದು ಸುಮ್ಮನಾದೆವು. ನಮಗೆ ಕಾಲೇಜಿನ ಹಾಲೇ ಗತಿ.

ಆರಿಸಿಕೊಂಡದ್ದು ಕೈಲಾಸಂ ಅವರ ಒಂದು ಪುಟ್ಟ ನಾಟಕ. ಡೈರೆಕ್ಟರ್ ಆಗಿದ್ದ ಗೆಳೆಯ ಇದಕ್ಕೆ ದೊಡ್ಡ ದೊಡ್ಡ ಕಾರಣ ಕೊಡುತ್ತಿದ್ದ. ನನ್ನ ಕಾರಣ ಬೇರೆ. ಬರೆದವರು ತೀರಿಕೊಂಡ ಮೇಲೆ ನಮ್ಮಲ್ಲಿ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕೈಲಾಸಂ ಹೋಗಿದ್ದು 1946ರಲ್ಲಿ, ಹಾಗಾಗಿ 2006ರ ಕೊನೆಗೇ ಅದು ಮುಗಿದಿತ್ತು. ಯಾರಿಗೂ ಪತ್ರ ಬರೆಯಬೇಕಿಲ್ಲ, ಗೌರವಧನ ಕೊಡಬೇಕಿಲ್ಲ. ಬರೀ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಅಪ್ಪ ಅಮ್ಮಂದಿರು ನೋಡುವ ಆಟವಾಗಿದ್ದರೆ ಯಾರ ನಾಟಕಕ್ಕೂ ಒಪ್ಪಿಗೆ ಬೇಕಾಗುತ್ತಿರಲಿಲ್ಲ, ಕಾನೂನಿನಲ್ಲೇ ವಿನಾಯಿತಿ ಇದೆ. ಆದರೆ ನಾವು ಹೊರಗಿನವರಿಗೂ 30 ರೂಪಾಯಿ ಟಿಕೆಟ್ ಇಟ್ಟಿದ್ದೆವು. ಲೈಟಿನ ಬಾಡಿಗೆ ಹುಟ್ಟಬೇಕಲ್ಲ.

ರಿಹರ್ಸಲ್ ದಿನಾ ಸಂಜೆ 5ರಿಂದ. ಏಳೂ ಜನ ಒಟ್ಟಿಗೆ ಸೇರಿದ ದಿನಗಳನ್ನು ಕೈಬೆರಳಲ್ಲಿ ಎಣಿಸಬಹುದು. ಒಬ್ಬನಿಗೆ ಇಂಟರ್ನಲ್ಸ್, ಒಬ್ಬಳಿಗೆ ಅಕ್ಕನ ಸೀಮಂತ. ನಂಜನಗೂಡಿನ ಹುಡುಗ ಏಳಕ್ಕೆ ಬಸ್ ಹಿಡಿಯಲೇಬೇಕು. ಅವನಿಗಾಗಿ ದಿನಾ ಮೊದಲಿಂದಲೇ ಶುರು ಮಾಡುತ್ತಿದ್ದೆವು. ಇದರಿಂದ ಆದದ್ದೇನೆಂದರೆ, ನಮ್ಮ ನಾಟಕದ ಮೊದಲ ಹತ್ತು ನಿಮಿಷ ಬಹಳ ಚೆನ್ನಾಗಿತ್ತು. ಕೊನೆಯ ಹತ್ತು ನಿಮಿಷ ದೇವರಿಗೇ ಪ್ರೀತಿ. ಕೈಲಾಸಂ ಮಾತಿನಲ್ಲಿ ಇಂಗ್ಲಿಷ್ ಜಾಸ್ತಿ, ಹುಡುಗರಿಗೆ ಕಷ್ಟ ಅಂತ ಹೆದರಿದ್ದೆವು. ಅವರು ಎಡವಿದ್ದು ಇಂಗ್ಲಿಷಿನಲ್ಲಲ್ಲ, ವೇಗದಲ್ಲಿ. ಆ ಮಾತನ್ನು ನಿಧಾನಕ್ಕೆ ಹೇಳಿದರೆ ಸತ್ತೇ ಹೋಗುತ್ತದೆ.

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಎಡಗಡೆ ಏನು ತಂದೆ, ಯಾರ ಮನೆಯಿಂದ. ಬಲಗಡೆ ವಾಪಸ್ ಕೊಟ್ಟ ಮೇಲೆ ಒಂದು ಗೆರೆ. ಮೈಸೂರು ಪೇಟ ಎರಡು, ಕೈಕೋಲು ಒಂದು, ಹಿತ್ತಾಳೆ ತಂಬಿಗೆ ಒಂದು, ಕಚ್ಚೆ ಪಂಚೆ ಮೂರು, ಗೋಡೆ ಗಡಿಯಾರ ಒಂದು (ಓಡುವುದಿಲ್ಲ, ಓಡಬೇಕಾಗಿಯೂ ಇಲ್ಲ). ಸಾಮಾನು ಕೇಳಲು ಹೋಗುವ ಹೊತ್ತು ಮುಖ್ಯ. ಊಟದ ಹೊತ್ತಿಗೆ ಹೋಗಬಾರದು. ಸಂಜೆ ಕಾಫಿ ಹೊತ್ತು ಒಳ್ಳೆಯದು. ಮೊದಲು ನಾಟಕದ ಕಥೆ ಹೇಳಬೇಕು, ಆಮೇಲೆ ತಂಬಿಗೆ ಕೇಳಬೇಕು.

ಸಿಗದೇ ಉಳಿದದ್ದು ಆರಾಮ ಕುರ್ಚಿ. ಯಜಮಾನರ ಪಾತ್ರದವನು ಒರಗಿಕೊಳ್ಳಲು ಬೇಕೇ ಬೇಕಿತ್ತು. ಪ್ಲಾಸ್ಟಿಕ್ ಕುರ್ಚಿಗೆ ಪಂಚೆ ಹೊದಿಸೋಣ ಅಂದೆ. ಡೈರೆಕ್ಟರ್ ನನ್ನ ಮುಖವನ್ನೇ ನೋಡಿದ. ಕೊನೆಗೆ ಸರಸ್ವತಿಪುರಂನ ಒಂದು ಮನೆಯ ವರಾಂಡದಲ್ಲಿ ಕಂಡಿತು. ತೇಗದ ಚೌಕಟ್ಟು, ಕಾಲು ಚಾಚಲು ಉದ್ದನೆಯ ಕೈಗಳು, ಮಧ್ಯೆ ಮಾಸಿದ ಪಟ್ಟೆಪಟ್ಟೆ ಕ್ಯಾನ್ವಾಸ್. ಬಟ್ಟೆಯ ಎರಡೂ ತುದಿಯ ಮಡಿಕೆಯೊಳಗೆ ಒಂದೊಂದು ಕೋಲು ತೂರಿಸಿ, ಅದನ್ನು ಚೌಕಟ್ಟಿಗೆ ಸಿಕ್ಕಿಸಿದ್ದರು. ಮನೆಯವರು ರಿಟೈರ್ಡ್ ಮೇಷ್ಟ್ರು. ಕುರ್ಚಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅದು ನನಗೆ ಆಗಲೇ ವಿಚಿತ್ರ ಅನ್ನಿಸಬೇಕಿತ್ತು.

'ನಾಟಕಕ್ಕಾ? ತಗೊಂಡೋಗಪ್ಪಾ' ಅಂದರು. ಇಷ್ಟು ಸಲೀಸಾಗಿ ಯಾರೂ ಏನನ್ನೂ ಕೊಟ್ಟಿರಲಿಲ್ಲ. ಖುಷಿಗೆ ಎರಡು ಪಾಸ್ ಕೊಟ್ಟು, ಕುರ್ಚಿ ಮಡಚಿ ಸ್ಕೂಟರಿನ ಮೇಲೆ ಹೊತ್ತು ತಂದೆವು. ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದ ಜಾಗದಲ್ಲಿಟ್ಟು, 'ಯಾರೂ ಕೂರಬೇಡಿ, ನಾಟಕದ ದಿನವೇ' ಅಂತ ಕಟ್ಟಪ್ಪಣೆ ಮಾಡಿದೆ. ರಿಹರ್ಸಲ್ಲಿಗೆ ಪ್ಲಾಸ್ಟಿಕ್ ಕುರ್ಚಿಯೇ ನಡೆಯಿತು.

ನಾಟಕದ ಹಿಂದಿನ ದಿನ. ಬಾಡಿಗೆ ಲೈಟು ಬಂತು: 1,000 ವಾಟಿನ ಆರು ಪಾರ್ ದೀಪ, ಜೊತೆಗೆ ಬೆಳಕು ಏರಿಸಿ ಇಳಿಸುವ ಡಿಮ್ಮರ್. ವೇದಿಕೆ ಪಕ್ಕದ ಬೋರ್ಡಿನಲ್ಲಿ ಇದ್ದದ್ದು 16 ಆಂಪ್ಸಿನ ಒಂದೇ ಎಂಸಿಬಿ, ಅಂದರೆ ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್. ಸಾವಿರ ವಾಟಿನ ದೀಪ 230 ವೋಲ್ಟಿನಲ್ಲಿ ನಾಲ್ಕೂಕಾಲು ಆಂಪ್ಸಿಗಿಂತ ತುಸು ಜಾಸ್ತಿಯೇ ಎಳೆಯುತ್ತದೆ. ಆರಕ್ಕೆ 26. ಆಗ ನಾನು ಬಿಎಸ್ಸಿಯಲ್ಲಿ ಫಿಸಿಕ್ಸ್ ಓದುತ್ತಿದ್ದೆ ಅಂತ ಬರೆಯಲು ನಾಚಿಕೆಯಾಗುತ್ತದೆ. ಗ್ರ್ಯಾಂಡ್ ರಿಹರ್ಸಲ್ಲಿನಲ್ಲಿ ಎಲ್ಲ ಸರಿಯಾಗಿತ್ತಲ್ಲ ಅನ್ನುವ ಧೈರ್ಯ. ಆಗ ಡಿಮ್ಮರ್ ಅರ್ಧಕ್ಕಿಂತ ಮೇಲೆ ಏರಿರಲೇ ಇಲ್ಲ, ನಂಜನಗೂಡಿನ ಬಸ್ಸಿನಿಂದಾಗಿ ಕೊನೆಯ ದೃಶ್ಯವನ್ನು ಹಾರಿಸಿದ್ದೆವು.

ನಾಟಕದ ದಿನ ಮೂರನೇ ಬೆಲ್ ಆಯಿತು. ಹಾಲಿನಲ್ಲಿ ನೂರಿಪ್ಪತ್ತು ಜನ ಇದ್ದಿರಬೇಕು. ಮೂರನೇ ಸಾಲಿನಲ್ಲಿ ಮೇಷ್ಟ್ರು, ಪಕ್ಕದಲ್ಲಿ ಅವರ ಮನೆಯವರು. ಮೊದಲ ಹತ್ತು ನಿಮಿಷ ಹೇಳಿದೆನಲ್ಲ, ಹಾಗೇ ಹೋಯಿತು. ಕೊನೆಯ ದೃಶ್ಯಕ್ಕೆ ಆರೂ ಲೈಟು ಫುಲ್. ಇಂಥ ಓವರ್‌ಲೋಡಿಗೆ ಎಂಸಿಬಿ ತಕ್ಷಣ ಬೀಳುವುದಿಲ್ಲ. ಒಳಗಿನ ಲೋಹದ ಪಟ್ಟಿ ಕಾದು ಬಾಗಬೇಕು. ಅದು ನಿಧಾನವಾಗಿ ಕಾಯುತ್ತಾ, ಯಜಮಾನರು ಸಿಟ್ಟಿನಿಂದ ಎದ್ದು ನಿಂತು ಮಾತು ಶುರು ಮಾಡುವವರೆಗೆ ಸುಮ್ಮನಿದ್ದು, ಆಗ ಟಕ್ ಅಂತ ಬಿತ್ತು. ಹಾಲೆಲ್ಲ ಕತ್ತಲು.

ಬೋರ್ಡಿಗೆ ಓಡಿದೆ. ಮೇಲೆತ್ತಿದೆ, ಮತ್ತೆ ಬಿತ್ತು. ಅದು ಆರಬೇಕು ಅಂತ ಆಗ ತಲೆಗೆ ಹೊಳೆಯಲಿಲ್ಲ. ಡಿಮ್ಮರ್ ಹತ್ತಿರ ಇದ್ದವನಿಗೆ 'ಮೂರು ಆಫ್ ಮಾಡೋ' ಅಂತ ಪಿಸುಗುಟ್ಟಿದೆ. ಅದು ಹಿಂದಿನ ಸಾಲಿಗೂ ಕೇಳಿಸಿತಂತೆ. ಕತ್ತಲಲ್ಲಿ ಹುಡುಗರು ನಿಲ್ಲಿಸಲಿಲ್ಲ, ಮಾತು ಆಡುತ್ತಲೇ ಇದ್ದರು. ಅದೇ ಹೊತ್ತಿಗೆ ವೇದಿಕೆಯಿಂದ ಉದ್ದಕ್ಕೆ ಪರ್ರ್ ಅಂತ ಒಂದು ಸದ್ದು ಬಂತು.

ಕಡೆಗೂ ಎಂಸಿಬಿ ನಿಂತಿತು, ಮೂರು ಲೈಟು ಬಂದವು. ನೋಡಿದರೆ ಯಜಮಾನರು ಆರಾಮ ಕುರ್ಚಿಯೊಳಗೆ ಮಡಚಿಕೊಂಡಿದ್ದಾರೆ. ಮಂಡಿ ಗಲ್ಲಕ್ಕೆ ಬಂದಿದೆ, ಪೇಟ ಕಣ್ಣಿನ ಮೇಲೆ ಇಳಿದಿದೆ. ಕತ್ತಲಲ್ಲಿ ಹೆದರಿ ಕೂತಿದ್ದ, ಬಟ್ಟೆ ನಡುಮಧ್ಯಕ್ಕೆ ಹರಿದಿತ್ತು. ಬಾಗಿಲವರೆಗೆ ನಡೆದು ಹೋಗಿ, ತಿರುಗಿ ನಿಂತು ಕೊನೆಯ ಮಾತು ಹೇಳಬೇಕಿತ್ತು. ಎಲ್ಲಿಂದ ನಡೆಯುವುದು? ಅಲ್ಲೇ ಸಿಕ್ಕಿಕೊಂಡು, ಕೈಕೋಲನ್ನು ಗಾಳಿಯಲ್ಲಿ ಆಡಿಸುತ್ತಾ, ಅಷ್ಟೂ ಮಾತನ್ನು ಅದೇ ಸಿಟ್ಟಿನಲ್ಲಿ, ಅದೇ ವೇಗದಲ್ಲಿ ಹೇಳಿ ಮುಗಿಸಿದ. ತಿಂಗಳಿಡೀ ಬಾರದ ವೇಗ ಆಗ ಬಂತು! ಜನ ಬಿದ್ದು ಬಿದ್ದು ನಕ್ಕರು. ಡೈರೆಕ್ಟರ್ ಮಾತ್ರ ನನ್ನ ಜೊತೆ ನಾಲ್ಕು ದಿನ ಮಾತು ಬಿಟ್ಟ.

ನನಗಿದ್ದ ಚಿಂತೆ ಬೇರೆ. ನಾಟಕ ಮುಗಿದ ಮೇಲೆ ಮೇಷ್ಟ್ರ ಕಣ್ಣಿಗೆ ಬೀಳದೆ ಗ್ರೀನ್ ರೂಮಿನಲ್ಲೇ ಕೂತಿದ್ದೆ. ಮಾರನೇ ದಿನ ಬೆಳಗ್ಗೆ ಕುರ್ಚಿ ಹೊತ್ತುಕೊಂಡು ಆಟೋ ಹುಡ್ ಹೊಲಿಯುವವರ ಅಂಗಡಿಗೆ ಹೋದೆ. ಅಂಥ ಪಟ್ಟೆ ಬಟ್ಟೆ ಅವರಲ್ಲಿ ಇರಲಿಲ್ಲ. ಖಾಕಿ ಕ್ಯಾನ್ವಾಸ್ ಕತ್ತರಿಸಿ, ತುದಿಗೆ ಎರಡೆರಡು ಹೊಲಿಗೆ ಹಾಕಿ, ಕೋಲು ತೂರಿಸಿ, ತಾವೇ ಒಂದು ಸಲ ಧಡ್ ಅಂತ ಕೂತು ತೋರಿಸಿದರು. 350 ರೂಪಾಯಿ. ಟಿಕೆಟ್ ದುಡ್ಡಿನಲ್ಲಿ ಕೊಟ್ಟೆ.

ಮೇಷ್ಟ್ರ ವರಾಂಡದಲ್ಲಿ ಕುರ್ಚಿ ಬಿಡಿಸಿಟ್ಟು ತಲೆ ತಗ್ಗಿಸಿ ನಿಂತೆ. ಅವರು ಹೊಸ ಬಟ್ಟೆಯನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಮೆಲ್ಲಗೆ ಕೂತರು. ಒರಗಿದರು. ಕಾಲು ಎರಡನ್ನೂ ಕೈಗಳ ಮೇಲೆ ಚಾಚಿದರು.

'ಎರಡು ವರ್ಷ ಆಗಿತ್ತು ಕಣಯ್ಯಾ ಇದರಲ್ಲಿ ಕೂತು. ಬಟ್ಟೆ ಲಡ್ಡಾಗಿತ್ತು. ಕೂರೋಕೆ ಭಯ.'

'ಮೊದಲೇ ಹೇಳಬಾರದಿತ್ತಾ ಮೇಷ್ಟ್ರೇ?'

'ನೀನು ಕೂರೋಕೆ ಅಂತ ಎಲ್ಲಿ ಕೇಳಿದೆ? ನಾಟಕಕ್ಕೆ ಅಂದೆ.'

ಒಳಗಿನಿಂದ ಕಾಫಿ ಬಂತು. ನೋಟ್‌ಬುಕ್ ತೆಗೆದು ಕುರ್ಚಿಯ ಮುಂದೆ ಗೆರೆ ಎಳೆದೆ. ಇನ್ನು ತಂಬಿಗೆ ಒಂದೇ ಬಾಕಿ. ಅದು ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. ಕೊಟ್ಟಿದ್ದ ಅಜ್ಜಿಯ ಬೀದಿಯಲ್ಲಿ ನಾನು ಬಹಳ ದಿನ ಓಡಾಡಲಿಲ್ಲ.