ಈಟಾಸ್ ಮಾದರಿ: ಹಟಮಾರಿ ‘ಸಿ’ ಕಡೆಗೂ ಹಿಡಿತಕ್ಕೆ ಬಂದಿದೆ

ಕ್ಯಾಲಿಫೋರ್ನಿಯಾದ ರಿಡ್ಜ್‌ಕ್ರೆಸ್ಟ್ ಭೂಕಂಪ ಸರಣಿಗೆ ಈಟಾಸ್ ಮಾದರಿಯನ್ನು (ಪ್ರತಿ ಕಂಪನವೂ ತನ್ನದೇ ಪಶ್ಚಾತ್ ಕಂಪನಗಳನ್ನು ಹುಟ್ಟಿಸಬಲ್ಲದೆಂದು ಎಣಿಸುವ ಸಂಖ್ಯಾಶಾಸ್ತ್ರದ ಮಾದರಿ) ಹೊಂದಿಸುವ ಕೆಲಸ ಒಂದು ಹದಕ್ಕೆ ಬಂದಿದೆ. ಗುಟೆನ್‌ಬರ್ಗ್–ರಿಕ್ಟರ್ ರೇಖೆಯ ‘ಬಿ’ (ದೊಡ್ಡವಕ್ಕೆ ಹೋಲಿಸಿದರೆ ಚಿಕ್ಕ ಕಂಪನಗಳು ಎಷ್ಟು ಹೆಚ್ಚೆಂಬ ಅಳತೆ) ಎಂದಿನಂತೆ 1ರ ಆಸುಪಾಸಿನಲ್ಲಿ ನಿಂತಿತು. ಇಷ್ಟು ಕಾಲ ಗೋಳು ಹೊಯ್ದುಕೊಂಡದ್ದು, ಪಶ್ಚಾತ್ ಕಂಪನಗಳು ಕಾಲದೊಂದಿಗೆ ಇಳಿಯುವುದನ್ನು ಹೇಳುವ ಒಮೊರಿ–ಉತ್ಸು ಸೂತ್ರದ ‘ಸಿ’. ಪಶ್ಚಾತ್ ಕಂಪನಗಳ ದರ ಇಳಿಯತೊಡಗುವ ಮುನ್ನಿನ ಆ ಪುಟ್ಟ ವಿಳಂಬವು, ಲೆಕ್ಕಕ್ಕೆ ಹಿಡಿಯುವ ಕನಿಷ್ಠ ಮ್ಯಾಗ್ನಿಟ್ಯೂಡನ್ನು 3.5ರಿಂದ 2.5ಕ್ಕೆ ತಂದೊಡನೆ ನಿಮಿಷಗಳಿಂದ ಗಂಟೆಗಳಿಗೆ ಜಿಗಿಯುತ್ತಿತ್ತು. ನಾವು ಎಲ್ಲಿ ಗೆರೆ ಎಳೆಯುತ್ತೇವೆಂದು ಕೇಳಿಕೊಂಡು ಭೂಮಿ ನಡುಗುವುದಿಲ್ಲವಾದ್ದರಿಂದ, ಕೊರತೆ ದತ್ತಾಂಶದಲ್ಲೇ ಇರಬೇಕಿತ್ತು.

2019ರ ಜುಲೈ 4ರ 6.4ರ ಕಂಪನದ ಬಳಿಕ ಸುಮಾರು 34 ಗಂಟೆಗಳಲ್ಲಿ 7.1ರ ಕಂಪನ ಬಂದಿತು. ದೊಡ್ಡ ಕಂಪನದ ಅಲೆಗಳು ಅಡಗುವ ಮೊದಲೇ ಹುಟ್ಟುವ ಚಿಕ್ಕವು ಅದರ ಗದ್ದಲದಲ್ಲಿ ಕಳೆದುಹೋಗುತ್ತವೆ. ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ 2006ರಲ್ಲಿ ಪ್ರಕಟವಾದ ಅಂದಾಜಿನಂತೆ, ಪೂರ್ಣತೆಯ ಮಿತಿಯು (ಅದಕ್ಕಿಂತ ದೊಡ್ಡ ಕಂಪನಗಳೆಲ್ಲ ದಾಖಲಾಗಿರುತ್ತವೆ ಎನ್ನಬಹುದಾದ ಮ್ಯಾಗ್ನಿಟ್ಯೂಡ್) ಮುಖ್ಯ ಕಂಪನದ ಮ್ಯಾಗ್ನಿಟ್ಯೂಡಿನಿಂದ 4.5ನ್ನೂ, ಆ ಕಂಪನದ ಬಳಿಕ ದಿನಗಳಲ್ಲಿ ಅಳೆದ ಕಾಲದ ಲಾಗರಿದಮ್ಮಿನ 0.75 ಪಟ್ಟನ್ನೂ ಕಳೆದಷ್ಟು. ಲೆಕ್ಕ ಹಾಕಿದರೆ, 7.1ರ ಬಳಿಕ ಕಾಲು ಗಂಟೆಯಲ್ಲಿ ಅದು 4.1ರಷ್ಟಿರುತ್ತದೆ, ಒಂದು ದಿನ ಕಳೆದರೂ 2.6ಕ್ಕಿಂತ ಇಳಿಯುವುದಿಲ್ಲ. ಕಾಣೆಯಾದ ಕಂಪನಗಳನ್ನು ಹುಟ್ಟದೇ ಇದ್ದವೆಂದು ಎಣಿಸಿದ ಮಾದರಿ ‘ಸಿ’ಯನ್ನು ಹಿಗ್ಗಿಸುತ್ತಿತ್ತು. ಈಗ, ಮಾದರಿಯು ದತ್ತಾಂಶಕ್ಕೆ ಎಷ್ಟು ಹೊಂದುತ್ತದೆಂದು ಅಳೆಯುವ ಸಂಭಾವ್ಯತೆಯ ಸಮಾಕಲದೊಳಗೇ ಕಾಲದೊಂದಿಗೆ ಬದಲಾಗುವ ಮಿತಿಯನ್ನು ಇರಿಸಿ, ಎರಡು ದೊಡ್ಡ ಕಂಪನಗಳ ನೆರಳು ಒಂದರ ಮೇಲೊಂದು ಬಿದ್ದಲ್ಲಿ ಹೆಚ್ಚಿನ ಮಿತಿಯನ್ನೇ ಹಿಡಿದಿದ್ದೇನೆ. ‘ಸಿ’ 3.5 ಮತ್ತು 2.5 ಎರಡೂ ಗೆರೆಗಳಿಗೆ ನಿಮಿಷಗಳಲ್ಲೇ ನಿಲ್ಲುತ್ತಿದೆ.

ಕ್ಯಾಟಲಾಗ್ (ಕಂಪನಗಳ ಪಟ್ಟಿ) ಒದಗಿಸುವವರ ಬಗ್ಗೆ ಒಂದು ಗೊಣಗಾಟ: ಹೋಲಿಕೆಗೆಂದು ತಂದ ಇನ್ನೊಂದು ಕಡತದಲ್ಲಿ ಒಂದೇ ಕಂಪನ ಎರಡು ಬಗೆಯ ಮ್ಯಾಗ್ನಿಟ್ಯೂಡಿನಲ್ಲಿ ಎರಡು ಸಲ ಕುಳಿತಿತ್ತು. ಕಲ್ಲು ಗಣಿಯ ಸ್ಫೋಟಗಳನ್ನೂ ಬೇರ್ಪಡಿಸಿರಲಿಲ್ಲ. ಗಂಟೆವಾರು ನಕ್ಷೆ ಬಿಡಿಸಿದಾಗ, ಕಚೇರಿ ವೇಳೆಯಲ್ಲಿ ಮಾತ್ರ ದುಡಿಯುವ ಶಿಸ್ತಿನ ಭೂಕಂಪಗಳು ತಾವಾಗಿಯೇ ಸಿಕ್ಕಿಬಿದ್ದವು.

ಮುಂದಿನ ಯೋಜನೆಯಾಗಿ ಕಾಲ, ದೂರ ಮತ್ತು ಮ್ಯಾಗ್ನಿಟ್ಯೂಡುಗಳನ್ನು ಕೂಡಿಸಿದ ಸಮೀಪದ ನೆರೆಯ ಅಂತರವನ್ನು ಲೆಕ್ಕ ಹಾಕುವ ಆಸೆಯಿದೆ. ಅದರ ಹಂಚಿಕೆಯಲ್ಲಿ ತಾವಾಗಿ ಹುಟ್ಟುವ ಹಿನ್ನೆಲೆ ಕಂಪನಗಳೂ ಗುಂಪಿನವೂ ಎರಡು ದಿಬ್ಬಗಳಾಗಿ ಬೇರೆಯಾಗುವುದನ್ನು ನೋಡುವುದೇ ಒಂದು ಸುಖ. ಅದಕ್ಕೆ ಮುನ್ನ ‘ಆಲ್ಫಾ’ (ಕಂಪನ ದೊಡ್ಡದಾದಂತೆ ಅದರ ಸಂತತಿ ಎಷ್ಟು ವೇಗವಾಗಿ ಹೆಚ್ಚುತ್ತದೆಂಬ ಅಳತೆ) ಉಳಿದಿದೆ. ಪಶ್ಚಾತ್ ಕಂಪನಗಳನ್ನು ವೃತ್ತಾಕಾರವಾಗಿ ಹರಡಿದರೆ, ಉದ್ದವಾದ ಬಿರುಕಿನ ತುದಿಯವು ಹತ್ತಿರದ ಚಿಕ್ಕ ಕಂಪನಗಳ ಸಂತತಿಯೆಂದು ದಾಖಲಾಗಿ ‘ಆಲ್ಫಾ’ ಕುಗ್ಗುತ್ತದೆ. ದೀರ್ಘವೃತ್ತ ಬಳಸೋಣವೆಂದರೆ, 6.4ರ ಮುಖ್ಯ ಬಿರುಕು ಈಶಾನ್ಯಕ್ಕೂ 7.1ರದು ವಾಯವ್ಯಕ್ಕೂ ಚಾಚಿವೆ. ಆದ್ದರಿಂದ ಪ್ರತಿಯೊಂದಕ್ಕೂ ಅದರದೇ ದಿಕ್ಕನ್ನು ಕೊಡಬೇಕಾಗಿದೆ.