ಫ್ಲಾರೆನ್ಸ್‌ನಲ್ಲಿ ಸೂಪರ್‌ಸ್ಟುಡಿಯೋ ಹುಡುಕಿಕೊಂಡು

ಇಟಲಿಯ ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚಿನ ಸುತ್ತಮುತ್ತ ಓಡಾಡುವಾಗ ಗೋಡೆಗಳನ್ನು ಸ್ವಲ್ಪ ತಲೆ ಎತ್ತಿ ನೋಡಿ. ಚಿಕ್ಕ ಚಿಕ್ಕ ಕಲ್ಲುಗಳ ಮೇಲೆ ಒಂದು ಗೆರೆ, ಒಂದು ತಾರೀಕು: 1966ರ ನವೆಂಬರ್ 4. ಅವತ್ತು ಆರ್ನೋ ನದಿ ಅಲ್ಲೀತನಕ ಏರಿತ್ತು. ನಾನು ಕೈ ಎತ್ತಿದರೂ ಗೆರೆ ಸಿಗಲಿಲ್ಲ.

ಅದೇ ಡಿಸೆಂಬರ್‌ನಲ್ಲಿ, ಊರು ಇನ್ನೂ ಕೆಸರು ಎತ್ತಿ ಹಾಕುತ್ತಿದ್ದಾಗ, ಹತ್ತಿರದ ಪಿಸ್ತೋಯಾದಲ್ಲಿ ಇಲ್ಲಿನ ಹುಡುಗರು ಒಂದು ಪ್ರದರ್ಶನ ಇಟ್ಟರು. ಅದೋಲ್ಫೋ ನತಾಲಿನಿ ಮತ್ತು ಕ್ರಿಸ್ತಿಯಾನೋ ತೊರಾಲ್ದೋ ದಿ ಫ್ರಾಂಚಾ ಕಟ್ಟಿದ ವಾಸ್ತುಶಿಲ್ಪಿಗಳ ಗುಂಪು ಸೂಪರ್‌ಸ್ಟುಡಿಯೋ, ಜೊತೆಗೆ ಅಂಥದ್ದೇ ಇನ್ನೊಂದು ಗುಂಪು ಆರ್ಕಿಜೂಮ್. ಪಿಸ್ತೋಯಾಗೆ ರೈಲಲ್ಲಿ ಸುಲಭವಾಗಿ ಹೋಗಿ ಬರಬಹುದು, ಊರೂ ಚೆನ್ನಾಗಿದೆ.

ನನ್ನನ್ನು ಫ್ಲಾರೆನ್ಸಿಗೆ ಎಳೆದು ತಂದದ್ದು ಮಾತ್ರ ಸೂಪರ್‌ಸ್ಟುಡಿಯೋದವರು ಕಟ್ಟದೇ ಚಿತ್ರದಲ್ಲೇ ಬಿಟ್ಟ ಕಟ್ಟಡಗಳು. 1969ರ 'ನಿರಂತರ ಸ್ಮಾರಕ'ವನ್ನೇ ತಗೊಳ್ಳಿ. ಚೌಕುಳಿ ಗೆರೆಗಳ ಒಂದೇ ಒಂದು ಬಿಳಿ ಕಟ್ಟಡ ಮರುಭೂಮಿ ದಾಟಿ, ಮ್ಯಾನ್‌ಹಟನ್ ಸುತ್ತಿಕೊಂಡು, ಇಡೀ ಭೂಮಿ ಮೇಲೆ ಹರಿದುಕೊಂಡು ಹೋಗುತ್ತದೆ. ಹೀಗೇ ಕಟ್ಟುತ್ತಾ ಹೋದರೆ ಎಲ್ಲ ಊರೂ ಒಂದೇ ಥರ ಆಗುತ್ತೆ ಅನ್ನೋ ಎಚ್ಚರಿಕೆ ಅದು. ಇವತ್ತು ಯಾವ ದೇಶದ ಏರ್‌ಪೋರ್ಟಲ್ಲಿ ಇಳಿದರೂ ನನಗೆ ಅದು ನಿಜ ಅನಿಸುತ್ತದೆ.

1972ರ ಇನ್ನೊಂದು ಚಿತ್ರ ಇನ್ನೂ ಜಾಸ್ತಿ ಕಾಡುತ್ತದೆ. ಫ್ಲಾರೆನ್ಸನ್ನು 'ಉಳಿಸೋಕೆ' ಬೇಕಂತಲೇ ನೀರಲ್ಲಿ ಮುಳುಗಿಸಿದ್ದಾರೆ, ನೀರ ಮೇಲೆ ಬ್ರುನೆಲೆಸ್ಕಿ ಕಟ್ಟಿದ ದೊಡ್ಡ ಚರ್ಚಿನ ಗುಮ್ಮಟ ಎದ್ದು ನಿಂತಿದೆ. ಪ್ರವಾಹ ಬಂದು ಆರೇ ವರ್ಷ, ಅದೇ ಊರಿನವರು ಬರೆದದ್ದು! ಹಳೇ ಊರನ್ನು ಜನ ಬದುಕುವ ಜಾಗ ಅಂತ ನೋಡದೆ ಪ್ರವಾಸಿಗಳಿಗೆ ತೋರಿಸುವ ವಸ್ತು ಮಾಡಿಟ್ಟರೆ, ಮುಳುಗಿಸಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ? ಅವರ ಸ್ಟುಡಿಯೋ ಇದ್ದ ಬೆಲ್ಲೋಸ್ಗ್ವಾರ್ದೋ ಗುಡ್ಡಕ್ಕೆ ಸಂಜೆ ನಡೆದೇ ಹತ್ತಿದೆ. ದಾರಿಯಲ್ಲಿ ಮರಗಳ ಸಂದಿಯಿಂದ ಗುಮ್ಮಟ ಕಂಡಾಗ ಆ ಚಿತ್ರ ಇಲ್ಲಿಂದಲೇ ಹುಟ್ಟಿರಬೇಕು ಅನಿಸಿತು.

ಕೈಗೆ ಸಿಗುವಂಥದ್ದು ಅಂದರೆ ಅವರೇ ವಿನ್ಯಾಸ ಮಾಡಿದ ಕ್ವಾದೆರ್ನಾ ಮೇಜು. ಜನೋತ್ತಾ ಕಂಪನಿ 70ರ ದಶಕದಿಂದ ಮಾಡುತ್ತಿದೆ. ಸನ್‌ಮೈಕದಂಥ ಬಿಳಿ ಹಾಳೆ, ಮೂರು ಸೆಂಟಿಮೀಟರಿಗೊಂದು ಕಪ್ಪು ಗೆರೆ. ಅಂಗಡಿಯಲ್ಲಿ ಬಗ್ಗಿ ನೋಡಿದೆ, ಮೇಲಿನ ಗೆರೆ ಅಂಚಿನಲ್ಲಿ ತಿರುಗಿ, ಎಲ್ಲೂ ತಪ್ಪದೆ ಕಾಲಿನವರೆಗೆ ಇಳಿಯುತ್ತದೆ.

70ರ ದಶಕ ಮುಗಿಯುವ ಹೊತ್ತಿಗೆ ಗುಂಪು ಚದುರಿತು, ನತಾಲಿನಿ ನಿಜವಾದ ಕಟ್ಟಡ ಕಟ್ಟಲು ಹೋದರು. ಗುಂಪಿನ ಚಿತ್ರಗಳನ್ನು ಹತ್ತಿರದಿಂದ ನೋಡುವ ಆಸೆ ಇದ್ದರೆ ರೋಮ್‌ನ ಮ್ಯಾಕ್ಸಿ ಮ್ಯೂಸಿಯಂ ಸಂಗ್ರಹದಲ್ಲಿವೆ. ಹೋಗುವ ಮುಂಚೆ ಪ್ರದರ್ಶನಕ್ಕೆ ಇಟ್ಟಿದ್ದಾರಾ ಅಂತ ಕೇಳಿಕೊಳ್ಳಿ.