ಪೈಪ್ ನಡುವೆ ಕೂರುವ ಪುಟ್ಟ ಫಿಲ್ಟರ್

ಪೈಪ್‌ನಲ್ಲಿ (ಒಂದು ಕಮಾಂಡ್‌ನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಹರಿಸುವ ದಾರಿಯಲ್ಲಿ) ಬರುವ ಸಾಲುಗಳಿಂದ ಬೇಕಾದ್ದನ್ನಷ್ಟೇ ಉಳಿಸುವ ಟೂಲ್ ಪೈಥಾನ್‌ನಲ್ಲಿ ಹತ್ತು ಸಾಲಿಗೆ ಮುಗಿಯುತ್ತದೆ. ಹುಡುಕುವ ಭಾಗ ಸುಲಭ. ಕೈಕೊಡುವುದು ಪೈಪ್‌ನ ಎರಡು ತುದಿಗಳು.

ಇಡೀ ಇನ್‌ಪುಟ್ಟನ್ನು ಒಟ್ಟಿಗೆ ಎಳೆದುಕೊಳ್ಳುವ ರೀಡ್ ಬೇಡ. ಹಿಂದೆ ಫಾಲೋ ಮೋಡ್‌ನ ಟೇಲ್ (ಫೈಲ್‌ಗೆ ಸೇರುವ ಹೊಸ ಸಾಲುಗಳನ್ನು ಕಾಯುತ್ತಲೇ ತೋರಿಸುವ ಕಮಾಂಡ್) ಇದ್ದರೆ ಇನ್‌ಪುಟ್ ಮುಗಿಯುವುದೇ ಇಲ್ಲ, ಟೂಲ್ ಸುಮ್ಮನೆ ಕೂತುಬಿಡುತ್ತದೆ. ಸ್ಟ್ಯಾಂಡರ್ಡ್ ಇನ್‌ಪುಟ್ ಮೇಲೆ ನೇರ ಫಾರ್ ಲೂಪ್ ಹಾಕಿ. ಸಾಲಿನ ಜೊತೆ ನ್ಯೂಲೈನ್ ಕೂಡ ಬರುತ್ತದೆ, ಆದ್ದರಿಂದ ಪ್ರಿಂಟ್ ಬದಲು ರೈಟ್ ಬಳಸಿ. ಇಲ್ಲದಿದ್ದರೆ ನಡುನಡುವೆ ಖಾಲಿ ಸಾಲು ಬೀಳುತ್ತದೆ.

ಇಷ್ಟಾದರೂ, ಟೂಲ್‌ನ ಮುಂದೆ ಇನ್ನೊಂದು ಪೈಪ್ ಸೇರಿಸಿದೊಡನೆ ಔಟ್‌ಪುಟ್ ನಿಂತುಹೋದಂತೆ ಕಾಣಬಹುದು. ಟರ್ಮಿನಲ್‌ಗಾದರೆ ಪೈಥಾನ್ ಸಾಲಿಗೊಮ್ಮೆ ಬರೆಯುತ್ತದೆ, ಪೈಪ್‌ಗಾದರೆ ಬಫರ್ ಎಂಬ ತಾತ್ಕಾಲಿಕ ಸಂಗ್ರಹ ತುಂಬುವ ತನಕ (ಬಹುತೇಕ ಆವೃತ್ತಿಗಳಲ್ಲಿ 8192 ಬೈಟ್) ಕಾಯುತ್ತದೆ. ಪೈಥಾನ್ 3.7ರಿಂದ ಎಸ್‌ಟಿಡಿಔಟ್‌ಗೆ (ಸ್ಟ್ಯಾಂಡರ್ಡ್ ಔಟ್‌ಪುಟ್) ರೀಕಾನ್ಫಿಗರ್ ಎಂಬ ಮೆಥಡ್ ಇದೆ, ಅದರಲ್ಲಿ ಲೈನ್ ಬಫರಿಂಗ್ (ಸಾಲಿಗೊಮ್ಮೆ ಬರೆಯುವುದು) ಆನ್ ಮಾಡಬಹುದು. ಸದಾ ಆನ್ ಇಟ್ಟರೆ ದೊಡ್ಡ ಫೈಲ್‌ಗಳಲ್ಲಿ ವೇಗ ಬೀಳುತ್ತದೆ. ಸಾಲು ಹುಡುಕುವ ಕಮಾಂಡ್ ಗ್ರೆಪ್ ಮಾಡುವ ಹಾಗೆ ಅದನ್ನೊಂದು ಆಯ್ಕೆಯಾಗಿ ಕೊಡುವುದೇ ಸರಿ.

ಇನ್ನು ಮೊದಲ ಕೆಲವು ಸಾಲುಗಳನ್ನಷ್ಟೇ ತೋರಿಸುವ ಹೆಡ್. ಕೇಳಿದಷ್ಟು ಸಾಲು ಸಿಕ್ಕೊಡನೆ ಅದು ಹೊರಟುಹೋಗುತ್ತದೆ, ನಮ್ಮ ಟೂಲ್ ಇನ್ನೂ ಬರೆಯುತ್ತಿರುತ್ತದೆ. ಸಿ ಪ್ರೋಗ್ರಾಂ ಆಗಿದ್ದರೆ ಸಿಗ್‌ಪೈಪ್ (ಓದುವವರಿಲ್ಲದ ಪೈಪ್‌ಗೆ ಬರೆದಾಗ ಬರುವ ಸಿಗ್ನಲ್) ಬಂದು ಸದ್ದಿಲ್ಲದೆ ಸಾಯುತ್ತಿತ್ತು. ಪೈಥಾನ್ ಆ ಸಿಗ್ನಲ್ಲನ್ನು ಕಡೆಗಣಿಸಿ ಬ್ರೋಕನ್‌ಪೈಪ್‌ಎರರ್ ಎಸೆಯುತ್ತದೆ, ಪರದೆ ತುಂಬ ಟ್ರೇಸ್‌ಬ್ಯಾಕ್ (ದೋಷದ ವರದಿ). ಎಕ್ಸೆಪ್ಟ್ ಹಾಕಿ ಹಿಡಿದರೂ, ಹೊರಡುವ ಮುನ್ನ ಉಳಿದ ಬಫರ್ ಫ್ಲಶ್ ಮಾಡಲು ಹೋಗಿ ಮತ್ತೆ ಗೊಣಗುತ್ತದೆ. ಸಣ್ಣ ಫಿಲ್ಟರ್‌ಗೆ ಸಿಗ್‌ಪೈಪನ್ನು ಡೀಫಾಲ್ಟ್‌ಗೆ ಮರಳಿಸುವ ಒಂದೇ ಸಾಲು ಸಾಕು (ನೆಟ್‌ವರ್ಕ್ ಸಾಕೆಟ್ ಬಳಸುವ ಪ್ರೋಗ್ರಾಂನಲ್ಲಿ ಮಾತ್ರ ಬೇಡ). ಆಗ ಶೆಲ್‌ಗೆ ಕಾಣುವ ಎಕ್ಸಿಟ್ ಕೋಡ್ (ಪ್ರೋಗ್ರಾಂ ಹೇಗೆ ಮುಗಿಯಿತೆಂದು ತಿಳಿಸುವ ಸಂಖ್ಯೆ) 141, ಅಂದರೆ 128ಕ್ಕೆ ಸಿಗ್ನಲ್ ಸಂಖ್ಯೆ 13 ಕೂಡಿದ್ದು. ಬ್ಯಾಶ್‌ನಲ್ಲಿ ಪೈಪ್‌ಫೇಲ್ (ಯಾವ ಕಮಾಂಡ್ ಸೋತರೂ ಇಡೀ ಪೈಪ್ ಸೋತಂತೆ ಎಣಿಸುವ ಆಯ್ಕೆ) ಹಾಕಿದ್ದರೆ ಇದೂ ಸೋಲೆಂದೇ ಲೆಕ್ಕ.

ಉಳಿದಂತೆ ಎಕ್ಸಿಟ್ ಕೋಡ್‌ಗೆ ಗ್ರೆಪ್‌ನ ಪದ್ಧತಿಯೇ ಇರಲಿ: ಸಿಕ್ಕರೆ 0, ಸಿಗದಿದ್ದರೆ 1, ದೋಷವಾದರೆ 2. ದೋಷದ ಸಂದೇಶಗಳು ಎಸ್‌ಟಿಡಿಎರರ್‌ಗೇ (ದೋಷಗಳಿಗೆಂದು ಇರುವ ಬೇರೆ ಔಟ್‌ಪುಟ್) ಹೋಗಬೇಕು.

ಕನ್ನಡ ಪಠ್ಯ ಸೋಸುವವರಿಗೆ ಇನ್ನೊಂದು ತಲೆನೋವು. ‘ಕೊ’ ಎರಡು ಕೋಡ್‌ಪಾಯಿಂಟ್‌ಗಳಲ್ಲೂ (ಅಕ್ಷರಭಾಗಗಳಿಗೆ ಯೂನಿಕೋಡ್ ಕೊಟ್ಟ ಸಂಖ್ಯೆಗಳು) ಇರಬಹುದು, ಮೂರರಲ್ಲೂ ಇರಬಹುದು: ಯುಟಿಎಫ್-8ರಲ್ಲಿ 6 ಬೈಟ್ ಅಥವಾ 9. ಕಣ್ಣಿಗೆ ಒಂದೇ, ಹೋಲಿಕೆಯಲ್ಲಿ ಬೇರೆ. ಹುಡುಕುವ ಪದವನ್ನೂ ಸಾಲನ್ನೂ ಎನ್‌ಎಫ್‌ಸಿಗೆ (ಯೂನಿಕೋಡ್‌ನ ಒಂದೇ ಬಗೆಯ, ಜೋಡಿಸಿದ ರೂಪ) ತಂದು ಹೋಲಿಸಿ, ಆದರೆ ಹೊರಗೆ ಬರೆಯುವುದು ಮೂಲ ಸಾಲನ್ನೇ. ‘ಸಾಫ್ಟ್‌ವೇರ್’ ಥರದ ಪದಗಳ ಒಳಗೆ ಅವಿತ ಝಡ್‌ಡಬ್ಲ್ಯೂಎನ್‌ಜೆ (ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು) ಎನ್‌ಎಫ್‌ಸಿಯಿಂದ ಹೋಗುವುದಿಲ್ಲ, ಅದನ್ನು ಬೇರೆಯಾಗಿ ತೆಗೆಯಬೇಕು. ಪೂರ್ತಿ ಪದ ಹುಡುಕಲು ಪೈಥಾನ್‌ನ ರೆಗೆಕ್ಸ್ (ಮಾದರಿ ಕೊಟ್ಟು ಹುಡುಕುವ ವಿಧಾನ) ಪದಗಡಿಯನ್ನು ನಂಬಬೇಡಿ: ಸ್ವರಚಿಹ್ನೆಗಳನ್ನೂ ಒತ್ತಕ್ಷರ ಕಟ್ಟುವ ಹಲಂತ ಚಿಹ್ನೆಯನ್ನೂ ಅದು ಅಕ್ಷರವೆಂದು ಎಣಿಸುವುದಿಲ್ಲ, ‘ಮರ’ ಹುಡುಕಿದರೆ ‘ಮರಿ’ ಕೂಡ ಬರುತ್ತದೆ. ಸ್ಪೇಸ್ ಮತ್ತು ವಿರಾಮಚಿಹ್ನೆಗಳಲ್ಲಿ ನೀವೇ ಒಡೆದು ಹೋಲಿಸಿ.